ಒಂದು ಮನೆ, ಎರಡು ವೋಟು: ಪಾಲಿಕೆ ಚುನಾವಣೆಗೆ ನಿಲ್ಲುವವರಿಗೆ ಒಂದು ಬಹಿರಂಗ ಪತ್ರ

ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡುಗಳಲ್ಲಿ ನಿಲ್ಲಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಟಿಕೆಟ್ ಸಿಗದಿದ್ದರೆ ಪಕ್ಷೇತರರಾಗಿಯಾದರೂ ನಿಂತೇ ಸಿದ್ಧ ಅಂತ ಕೂತಿರುವವರೇ,

ಕಳೆದ ಸಲ, 2019ರ ನವೆಂಬರ್‌ನಲ್ಲಿ, ನಿಮ್ಮಲ್ಲೊಬ್ಬರು ನಮ್ಮ ಮನೆಗೆ ಬಂದಿದ್ದರು. ಬಿಜೈ ಕಡೆಯ ಹಳೇ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಏಳೆಂಟು ಜನ ಕೊರಳಿಗೆ ಶಾಲು ಹಾಕಿಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಮತದಾರರ ಪಟ್ಟಿ ಹಿಡಿದಿದ್ದ ಹುಡುಗ "ಏತ್ ವೋಟು ಉಂಡು ಅಕ್ಕಾ?" ಅಂತ ತುಳುವಿನಲ್ಲಿ ಕೇಳಿದ, ಎಷ್ಟು ವೋಟು ಉಂಟು ಅಂತ. "ರಡ್ಡ್" ಅಂದೆ, ಎರಡು. ಅವನು ಪಟ್ಟಿ ನೋಡಿದ, ನನ್ನನ್ನು ನೋಡಿದ, ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದ ಅವಳನ್ನು ನೋಡಿದ. ಒಂದೇ ಡೋರ್ ನಂಬರ್, ಎರಡು ಹೆಂಗಸರ ಹೆಸರು. ಇಬ್ಬರಿಗೂ ಮೂವತ್ತು ದಾಟಿದೆ, ಆದರೂ ಇಬ್ಬರ ಹೆಸರಿನ ಮುಂದೆಯೂ ತಂದೆಯ ಹೆಸರೇ. ಒಬ್ಬಳು ಶೆಟ್ಟಿ, ಒಬ್ಬಳು ಡಿಸೋಜ. ಅಭ್ಯರ್ಥಿಯೇ ಮುಂದೆ ಬಂದು, ನನ್ನನ್ನು ಅಕ್ಕ ಅಂತಲೂ ಅವಳನ್ನು, ಇಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, ಬಾಯಮ್ಮ ಅಂತಲೂ ಕರೆದು, ಬಹಳ ನಯವಾಗಿಯೇ ಕೇಳಿದರು: "ಗಂಡಸರು ಯಾರೂ ಇಲ್ವಾ ಮನೆಯಲ್ಲಿ? ಹಾಗಾದ್ರೆ ಸಂಜೆ ಬರ್ತೇವೆ, ಆಯ್ತಾ?"

ಸಂಜೆ ಬರಲಿಲ್ಲ. ಬಂದಿದ್ದರೂ ಗಂಡಸರು ಸಿಗುತ್ತಿರಲಿಲ್ಲ ಬಿಡಿ. ಇದ್ದದ್ದು ನಾವಿಬ್ಬರೇ, ಈಗಲೂ ನಾವಿಬ್ಬರೇ.

ಈ ಸಲ ನೀವು ಬರುವ ಮೊದಲೇ ನಾವೇ ಒಂದು ಕೆಲಸ ಮಾಡೋಣ ಅಂತ ಹೊರಟಿದ್ದೇವೆ. ನಾವು ಅಂದರೆ ಸಂಘ, ಸಂಸ್ಥೆ ಅಂತ ಏನೂ ಇಲ್ಲ. ಭಾನುವಾರ ಒಬ್ಬರ ಮನೆಯಲ್ಲಿ ಕೂತು ನೀರುದೋಸೆ ತಿನ್ನುವ ಏಳು ಜನ, ಅಷ್ಟೇ. ಸಲಿಂಗಿಗಳ ಬಗ್ಗೆ ನಿಮ್ಮ ನಿಲುವು ಏನು ಅಂತ ಕೇಳಿ, ಪ್ರತಿಯೊಬ್ಬರಿಗೂ ಹತ್ತರಲ್ಲಿ ಇಷ್ಟು ಅಂತ ಅಂಕ ಕೊಡುವುದು ನಮ್ಮ ಲೆಕ್ಕಾಚಾರ. ಗಾಬರಿಯಾಗಬೇಡಿ. ನಿಮ್ಮ ಮೇಲೆ ಎಷ್ಟು ಕೇಸು ಉಂಟು, ಎಷ್ಟು ಪವನು ಚಿನ್ನ ಉಂಟು ಅಂತ ನಾಮಪತ್ರದ ಜೊತೆ ಅಫಿಡವಿಟ್ಟಿನಲ್ಲಿ ಬರೆದು ಕೊಡುತ್ತೀರಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಹಾಳೆ ಅಂದುಕೊಳ್ಳಿ.

ಒಂದು ಮಾತು ಮೊದಲೇ. ನಮ್ಮನ್ನು 'ಸಲಿಂಗಕಾಮಿಗಳು' ಅನ್ನಬೇಡಿ. ಪತ್ರಿಕೆಯವರು ಬರೆಯುತ್ತಾರೆ, ಗೊತ್ತು. ಆದರೆ ನಿಮ್ಮ ಮದುವೆ ಕಾಗದದಲ್ಲಿ ಯಾರೂ ಕಾಮ ಅಂತ ಅಚ್ಚು ಹಾಕಿಸಿರಲಿಲ್ಲ ಅಲ್ವಾ? ನಾವೂ ದಿನದ ಜಾಸ್ತಿ ಹೊತ್ತು ಗ್ಯಾಸ್ ಬುಕ್ ಮಾಡುವುದು, ಮೀನು ಶುಚಿ ಮಾಡುವುದು ಯಾರು ಅಂತ ಜಗಳ ಆಡುವುದು, ಇದೇ ಮಾಡುತ್ತೇವೆ.

ನಮ್ಮ ಏಳು ಜನರಲ್ಲೇ ಒಬ್ಬ ಹೇಳಿದ: "ಕಾರ್ಪೊರೇಟರ್ ಕೈಯಲ್ಲಿ ಎಂತ ಉಂಟು ಮಾರಾಯ್ತಿ? ಚರಂಡಿ, ಬೀದಿದೀಪ, ನೀರು. ಇದೆಲ್ಲ ದಿಲ್ಲಿಯ ವಿಷಯ." ನಿಮ್ಮಲ್ಲಿ ಹೆಚ್ಚಿನವರೂ ಅದನ್ನೇ ಹೇಳಿ ಜಾರಿಕೊಳ್ಳುತ್ತೀರಿ ಅಂತ ನನಗೆ ಗೊತ್ತು. ದಿಲ್ಲಿಯಲ್ಲಿ ಆಗಬೇಕಾದದ್ದರಲ್ಲಿ ಅರ್ಧ ಆಗಿಯೂ ಆಗಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ವಯಸ್ಕರು ಒಪ್ಪಿ ಕೂಡುವುದನ್ನು ದಂಡ ಸಂಹಿತೆಯ 377ನೇ ಕಲಮಿನ ಅಪರಾಧದಿಂದ ಹೊರಗಿಟ್ಟರು. 1860ರಲ್ಲಿ ಬ್ರಿಟಿಷರು ಬರೆದಿಟ್ಟ ಕಲಮು ಅದು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಮದುವೆಯ ಹಕ್ಕು ಮಾತ್ರ ನಾವು ಕೊಡಲಾರೆವು, ಅದು ಶಾಸನ ಮಾಡುವವರ ಕೆಲಸ ಅಂದಿತು. ಹಾಗಾಗಿ ಈಗ ನಾವು ಅಪರಾಧಿಗಳೂ ಅಲ್ಲ, ಸಂಸಾರಸ್ಥರೂ ಅಲ್ಲ. ಈ ನಡುವಿನ ಜಾಗದಲ್ಲಿ ದಿನ ದೂಡುವಾಗ ಎದುರಾಗುವುದು ಸಂಸತ್ತು ಅಲ್ಲ. ಬಾಡಿಗೆ ಮನೆಯ ಓನರು, ಆಸ್ಪತ್ರೆಯ ಕೌಂಟರು, ರೇಷನ್ ಕಾರ್ಡಿನ ಅರ್ಜಿ, ರಾತ್ರಿ ಬೈಕ್ ನಿಲ್ಲಿಸಿ ಯಾರು ನೀವು ಅಂತ ಕೇಳುವ ಹುಡುಗರು. ಇವೆಲ್ಲ ವಾರ್ಡಿನ ಒಳಗೇ ಉಂಟು. ಓನರು ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಜನ ಮೊದಲು ಫೋನ್ ಮಾಡುವುದು ಯಾರಿಗೆ? ನಿಮಗೇ.

ಆಸ್ಪತ್ರೆಯದ್ದು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವಳಿಗೆ ನಡುರಾತ್ರಿ ಹೊಟ್ಟೆನೋವು ಬಂತು, ಅಪೆಂಡಿಕ್ಸು. ನಮ್ಮ ಊರಲ್ಲಿ ಆಸ್ಪತ್ರೆಗೆ ಬರಗಾಲ ಇಲ್ಲ, ಹತ್ತು ನಿಮಿಷದಲ್ಲಿ ಒಂದು ಖಾಸಗಿ ಆಸ್ಪತ್ರೆ ತಲುಪಿದೆವು. ಕೌಂಟರಿನ ಹುಡುಗಿ ಫಾರ್ಮ್ ಕೊಟ್ಟಳು. ರೋಗಿಗೆ ಏನಾಗಬೇಕು ಅನ್ನುವ ಕಾಲಂ. ನಾನು ಅಕ್ಕ ಅಂತ ಬರೆದೆ. ಕೆಳಗೆ ಸಹಿ ಹಾಕಿದೆ, ಹೆಸರು ಬರೆದೆ. ಕೌಂಟರಿನವಳು ರೋಗಿಯ ಹೆಸರು ಓದಿದಳು, ನನ್ನ ಹೆಸರು ಓದಿದಳು, ಪೆನ್ನಿನ ತುದಿಯನ್ನು ಒಂದರಿಂದ ಇನ್ನೊಂದಕ್ಕೆ ಎರಡು ಸಲ ಓಡಿಸಿದಳು. ಬೇರೆ ಯಾವ ಊರಲ್ಲಾದರೂ ನಡೆದುಹೋಗುತ್ತಿತ್ತೋ ಏನೋ, ಮಂಗಳೂರಲ್ಲಿ ಹೆಸರಿನ ಬಾಲ ಹಿಡಿದರೆ ಇಡೀ ಜಾತಕ ಸಿಗುತ್ತದೆ ಮಾರಾಯ್ರೆ. ಡಿಸೋಜಳಿಗೆ ಶೆಟ್ಟಿ ಅಕ್ಕ ಎಲ್ಲಿಂದ ಬಂದಳು? "ಮನೆಯವರು ಯಾರಾದ್ರೂ ಬರ್ತಾರಾ?" ಅಂದಳು. ಅವಳ ಮನೆಯವರು ಅವಳ ಜೊತೆ ಮಾತು ಬಿಟ್ಟು ಆರು ವರ್ಷ ಆಗಿತ್ತು. ಅವಳು ಸ್ಟ್ರೆಚರ್ ಮೇಲೆ ಎಚ್ಚರವಾಗಿಯೇ ಇದ್ದಳು, ತಾನೇ ಸಹಿ ಹಾಕಬಲ್ಲೆ ಅಂತ ಕೈ ಚಾಚುತ್ತಲೇ ಇದ್ದಳು. ಕೊನೆಗೆ ಅವಳೇ ಹಾಕಿದಳು, ನಾನು ಮುಂಗಡ ಹಣ ಕಟ್ಟಿದೆ. ದುಡ್ಡು ಕಟ್ಟುವ ರಸೀದಿಯಲ್ಲಿ ಸಂಬಂಧದ ಕಾಲಂ ಇರಲಿಲ್ಲ.

ಆ ಹುಡುಗಿ ಕೆಟ್ಟವಳಲ್ಲ. ಬೆಳಿಗ್ಗೆ ನನಗೆ ಕುಡಿಯಲು ಬಿಸಿನೀರು ತಂದುಕೊಟ್ಟಳು. ಅವಳಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ, ಅಷ್ಟೇ.

ಈಗ ನಿಮಗೆ ಕೆಲಸ ಎಲ್ಲುಂಟು ಅಂತ ನೋಡಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವೇ ಕೆಲವು ಪತ್ರಗಳನ್ನು ಕಳಿಸಿದೆ. ಜೊತೆಯಲ್ಲಿ ಬಾಳುವ ಇಬ್ಬರನ್ನು ರೇಷನ್ ಕಾರ್ಡಿನ ಮಟ್ಟಿಗೆ ಒಂದೇ ಮನೆಯವರು ಅಂತ ಎಣಿಸಿ ಅಂತ ರಾಜ್ಯಗಳಿಗೆ ಹೇಳಿದೆ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿ ಇಲ್ಲ ಅಂದಿದೆ. ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿಯ ಶವವನ್ನು ಬಿಟ್ಟುಕೊಡುವ ಬಗ್ಗೆಯೂ ಆರೋಗ್ಯ ಇಲಾಖೆಯಿಂದ ಪತ್ರ ಹೋಗಿದೆ. ಮದುವೆಗೆ ಕೋರ್ಟಿನಲ್ಲಿ ವಿರೋಧ ಹೇಳಿದ ಅದೇ ಸರ್ಕಾರ ಇದನ್ನೂ ಮಾಡಿದೆ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆದರೆ ದಿಲ್ಲಿಯಿಂದ ಹೊರಟ ಪತ್ರ ವಾರ್ಡಿಗೆ ಬಂದು ಮುಟ್ಟಬೇಕಲ್ಲ. ಆಧಾರ್ ವಿಳಾಸ ಬದಲಿಸಲು ಕಾರ್ಪೊರೇಟರ್ ಸಹಿ ಹಾಕಿದ ಪತ್ರ ನಡೆಯುತ್ತದೆ. ಮರಣ ಪ್ರಮಾಣಪತ್ರ ಕೊಡುವುದು ಪಾಲಿಕೆ. ಇವರಿಬ್ಬರು ಇಷ್ಟು ವರ್ಷದಿಂದ ಒಂದೇ ಮನೆಯಲ್ಲಿದ್ದಾರೆ, ನನಗೆ ಗೊತ್ತು ಅಂತ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಡುತ್ತೀರಾ? ನಮ್ಮ ಮೊದಲ ಪ್ರಶ್ನೆ ಇದೇ. ಇದಕ್ಕೇ ಹತ್ತರಲ್ಲಿ ಮೂರು ಅಂಕ.

ಇನ್ನು ಮೂರು ಅಂಕ ಹುಡುಗರ ವಿಷಯಕ್ಕೆ. ನಮ್ಮ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಗೋಳಿಬಜೆಯಿಂದ ಅಂತ ನಾವು ಅಂದುಕೊಂಡಿದ್ದರೆ ಅದು ಸುಮ್ನೆ. 2009ರ ಜನವರಿಯ ಪಬ್ ದಾಳಿ, 2012ರ ಜುಲೈಯ ಪಡೀಲ್ ಹೋಮ್‌ಸ್ಟೇ ದಾಳಿ, ಟಿವಿಯಲ್ಲಿ ಎಲ್ಲರೂ ನೋಡಿದ್ದು ಅದನ್ನು. ಆಮೇಲೂ ಅನೈತಿಕ ಪೊಲೀಸ್‌ಗಿರಿ ಅನ್ನುವ ಪದ ಇಲ್ಲಿನ ಪೇಪರುಗಳಿಗೆ ಹಳತಾಗಲೇ ಇಲ್ಲ. ಇದರಲ್ಲಿ ಒಂದು ತಮಾಷೆ ಉಂಟು, ನಗಬೇಕೋ ಅಳಬೇಕೋ ಗೊತ್ತಿಲ್ಲ. ಪಣಂಬೂರು ಬೀಚಿನಲ್ಲಿ ಬೇರೆ ಬೇರೆ ಧರ್ಮದ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೂತು ಚುರುಮುರಿ ತಿಂದರೆ ಐಡಿ ಕಾರ್ಡ್ ಕೇಳುವವರು ಬರುತ್ತಾರೆ. ನಾನೂ ಅವಳೂ ಅಲ್ಲೇ, ಎಷ್ಟೋ ಸಲ, ಕತ್ತಲಾಗುವವರೆಗೆ ಕೂತಿದ್ದೇವೆ. ಬೇರೆ ಧರ್ಮದವರೇ. ಯಾರೂ ಒಂದು ಮಾತು ಕೇಳಿಲ್ಲ. ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಏನಾದರೂ ಆಗಿರಬಹುದು ಅಂತ ಅವರ ತಲೆಗೇ ಹೊಳೆಯುವುದಿಲ್ಲ. ನಮ್ಮನ್ನು ಕಾಪಾಡುತ್ತಿರುವುದು ಆ ತಿಳಿಗೇಡಿತನ. ಅದು ಎಷ್ಟು ದಿನ?

ಗಂಡಸರಿಗೆ ಆ ಅನುಕೂಲವೂ ಇಲ್ಲ. ನಮ್ಮ ಏಳು ಜನರಲ್ಲಿ ಒಬ್ಬನಿಗೆ ಆದದ್ದು: ಫೋನಿನ ಆ್ಯಪಿನಲ್ಲಿ ಪರಿಚಯ, ಒಂದು ವಾರ ಒಳ್ಳೆಯ ಮಾತು, ಆಮೇಲೆ ಒಂದು ರೂಮಿಗೆ ಕರೆ. ಬಾಗಿಲು ತೆರೆದರೆ ನಾಲ್ಕು ಜನ. ವಿಡಿಯೊ ಮಾಡಿ, ಮನೆಗೆ ಕಳಿಸುತ್ತೇವೆ ಅಂತ ಹೆದರಿಸಿ, ಸ್ಥಳದಲ್ಲೇ ಯುಪಿಐ ಮಾಡಿಸಿಕೊಂಡರು. ಅವನು ಪೊಲೀಸರ ಹತ್ತಿರ ಹೋಗಲಿಲ್ಲ. ಯಾಕೆ ಅಂತ ಕೇಳಿದರೆ "ದೂರು ಬರೆಯುವಾಗ ನಾನು ಅಲ್ಲಿಗೆ ಯಾಕೆ ಹೋಗಿದ್ದೆ ಅಂತ ಬರೆಯಬೇಕಲ್ಲ" ಅಂದ. ಅಪರಾಧ ಮಾಡಿದವರು ಅವರು, ಆದರೆ ಬಾಯಿ ಮುಚ್ಚಿಕೊಂಡವನು ಇವನು. ಕಾನೂನು ಇವನ ಕಡೆಗಿದೆ, ಅದು ಇವನಿಗೂ ಗೊತ್ತು. ಇವನ ಜೊತೆ ಠಾಣೆಯ ಮೆಟ್ಟಿಲು ಹತ್ತುವ ಒಬ್ಬ ಮನುಷ್ಯ ಸಿಗಲಿಲ್ಲ. ಹಾಗಾಗಿ ಎರಡನೇ ಪ್ರಶ್ನೆ: ರಾತ್ರಿ ಹತ್ತಕ್ಕೆ ಇಂಥ ಒಬ್ಬ ಹುಡುಗ ಫೋನ್ ಮಾಡಿದರೆ ಜೊತೆಗೆ ಹೋಗುತ್ತೀರಾ? ಮತ್ತೆ, ಆ ನಾಲ್ವರಲ್ಲಿ ಒಬ್ಬ ನಿಮ್ಮ ಬೂತಿನ ಹುಡುಗನೇ ಆಗಿದ್ದರೆ?

ಇದು ನಮ್ಮ ಸಂಸ್ಕೃತಿಯಲ್ಲಿ ಇಲ್ಲ ಅಂತ ಹೇಳಲು ಬಾಯಿ ತೆರೆಯುವವರಿಗೆ ಒಂದು ಹಳೇ ಕತೆ. ನಾನು ಬಂಟರ ಮನೆಯ ಹುಡುಗಿ, ಅಳಿಯಕಟ್ಟಿನವಳು, ಅಂದರೆ ಅಳಿಯಸಂತಾನದವಳು. ತಾಯಿಯ ಕಡೆಯಿಂದ ಮನೆತನ, ಆಸ್ತಿ, ಬಳಿ (ಗೋತ್ರದ ಹಾಗೆ) ಎಲ್ಲ ಎಣಿಸುವುದು ನಮ್ಮಲ್ಲಿ. ಬ್ರಿಟಿಷರ ಕಾಲದ ಮದ್ರಾಸ್ ಹೈಕೋರ್ಟಿಗೆ ಈ ಲೆಕ್ಕ ಅರ್ಥವೇ ಆಗಲಿಲ್ಲ. ಅಳಿಯಸಂತಾನದವರ ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ, ಅದು ಬರೀ ಇಟ್ಟುಕೊಂಡ ಸಂಬಂಧ ಅಂತ ತೀರ್ಪು ಕೊಟ್ಟುಬಿಟ್ಟಿತು. ಊರೆಲ್ಲ ಸೇರಿ ಧಾರೆ ಎರೆದ ಮದುವೆ! ನನ್ನ ಮುತ್ತಜ್ಜಿಯ ಅಮ್ಮನನ್ನು ಕೋರ್ಟು ಹೆಂಡತಿ ಅಂತ ಒಪ್ಪುತ್ತಿರಲಿಲ್ಲ. 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದು ಮದುವೆ, ಜೀವನಾಂಶ, ಪಾಲು ಎಲ್ಲಕ್ಕೂ ಒಂದು ನೆಲೆ ಮಾಡಿತು. ಅಂದರೆ ಈ ಊರಿನ ಎಷ್ಟೋ ಮನೆತನಗಳಿಗೆ, ನೀವು ಯಾವ ಪಕ್ಷದವರೇ ಆಗಿರಿ, ನಿಮ್ಮದು ಸಂಸಾರ ಅಲ್ಲ ಅಂತ ಹೊರಗಿನವನೊಬ್ಬ ಷರಾ ಬರೆದಾಗ ಹೇಗೆ ಆಗುತ್ತದೆ ಅನ್ನುವುದರ ನೆನಪು ಇರಬೇಕಿತ್ತು. ಮರೆತಿದ್ದೇವೆ. ಯಕ್ಷಗಾನದ ಸ್ತ್ರೀವೇಷಕ್ಕೆ ಬೆಳಗಿನ ಜಾವದವರೆಗೆ ಕಣ್ಣು ಮಿಟುಕಿಸದೆ ಕೂತ ಊರು ಇದು, ವೇಷ ಕಟ್ಟುವ ಚೌಕಿಗೆ ಹೋಗಿ ಕೈ ಕುಲುಕಿ ಬಂದ ಊರು. ಆ ವೇಷ ಕಳಚಿಟ್ಟವನು ಯಾರ ಜೊತೆ ಬಾಳುತ್ತಾನೆ ಅಂತ ತನಿಖೆ ಮಾಡಲು ಯಾವಾಗ ಕಲಿತೆವು?

ಅಭ್ಯರ್ಥಿಗಳಿಗೆ ಹೀಗೆ ಅಂಕ ಕೊಡುವುದು ನಾವು ಕಂಡುಹಿಡಿದದ್ದಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1975ರಿಂದ ಒಂದು ಗುಂಪು ಅಭ್ಯರ್ಥಿಗಳಿಗೆ ಪ್ರಶ್ನೆಪಟ್ಟಿ ಕೊಟ್ಟು, ಉತ್ತರ ನೋಡಿ ಬೆಂಬಲ ಕೊಡುತ್ತಾ ಬಂದಿದೆ. 2012ರಿಂದ ಅಲ್ಲಿನ ಹ್ಯೂಮನ್ ರೈಟ್ಸ್ ಕ್ಯಾಂಪೇನ್ ಅನ್ನುವ ಸಂಸ್ಥೆ ಇಡೀ ಊರುಗಳಿಗೇ ನೂರರಲ್ಲಿ ಇಷ್ಟು ಅಂತ ಅಂಕ ಹಾಕುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1977ರಲ್ಲಿ ನಮ್ಮ ಕಾರ್ಪೊರೇಟರ್ ತರಹದ ಸೀಟಿಗೆ ಗೆದ್ದ ಹಾರ್ವೆ ಮಿಲ್ಕ್ ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಯೇ ನಿಂತವರು. ಮುಂದಿನ ವರ್ಷವೇ ಅವರನ್ನು ಗುಂಡಿಟ್ಟು ಕೊಂದರು. ಇದ್ದ ಅಷ್ಟು ದಿನದಲ್ಲಿ ಸಲಿಂಗಿಗಳನ್ನು ಕೆಲಸದಿಂದ, ಮನೆಯಿಂದ ತೆಗೆಯಬಾರದು ಅಂತ ಕಾನೂನು ಮಾಡಿಸಿದರು. ನಾಯಿ ಸಾಕಿದವರೇ ಅದರ ಕಕ್ಕ ಬಾಚಬೇಕು ಅಂತಲೂ ಕಾನೂನು ಮಾಡಿಸಿದರು. ಊರಿನವರಿಗೆ ಜಾಸ್ತಿ ಇಷ್ಟ ಆದದ್ದು ಎರಡನೆಯದ್ದಂತೆ. ನಮ್ಮ ಕದ್ರಿ ಪಾರ್ಕಿನ ಫುಟ್‌ಪಾತಿನಲ್ಲಿ ನಡೆದಾಗೆಲ್ಲ ನನಗೆ ಆ ಪುಣ್ಯಾತ್ಮನ ನೆನಪಾಗುತ್ತದೆ.

ಆದರೆ ಅವರ ಪ್ರಶ್ನೆಪಟ್ಟಿ ಹಾಗೇ ತಂದು ಇಲ್ಲಿ ಇಟ್ಟರೆ ಆಗುವುದಿಲ್ಲ. ಅಲ್ಲಿನ ನಗರಸಭೆ ತಾರತಮ್ಯ ಮಾಡಬಾರದು ಅಂತ ಸ್ವಂತ ಕಾನೂನು ಮಾಡಬಲ್ಲದು, ನಮ್ಮ ಲಾಲ್‌ಬಾಗಿನ ಪಾಲಿಕೆ ಆಫೀಸಿಗೆ ಅಷ್ಟೆಲ್ಲ ಅಧಿಕಾರ ಇಲ್ಲ. ಅಲ್ಲಿ ಯಾರು ಯಾವುದಕ್ಕೆ ಕೈ ಎತ್ತಿದರು ಅಂತ ದಾಖಲೆ ಸಿಗುತ್ತದೆ. ಇಲ್ಲಿ ಹೆಚ್ಚಿನದೆಲ್ಲ ಗದ್ದಲದ ನಡುವೆ ಹೌದು ಹೌದು ಅಂತ ಮುಗಿದುಹೋಗುತ್ತದೆ. ಲೋಕಸಭೆಯಲ್ಲಿ ಒಂದು ಸಲ ಲೆಕ್ಕ ಸಿಕ್ಕಿತ್ತು. 2015ರ ಡಿಸೆಂಬರ್‌ನಲ್ಲಿ ಶಶಿ ತರೂರ್ 377 ತಿದ್ದುವ ಖಾಸಗಿ ಮಸೂದೆ ತಂದಾಗ, ಮಂಡಿಸುವುದೇ ಬೇಡ ಅಂದವರು 71, ಮಂಡಿಸಲಿ ಅಂದವರು 24. ಉಳಿದ ನಾನೂರಕ್ಕೂ ಜಾಸ್ತಿ ಜನ ಎಲ್ಲಿದ್ದರು? ಕಾಫಿ ಕುಡಿಯಲು ಹೋಗಿದ್ದರೋ ಏನೋ. ಅವರಿಗೂ ಅಂಕ ಹಾಕಬೇಕಿತ್ತು ಅಂತ ನನಗೆ ಅನಿಸುವುದು.

2024ರ ಲೋಕಸಭೆ ಚುನಾವಣೆಗೆ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ನಮ್ಮಂಥ ಜೋಡಿಗಳಿಗೆ ಮಾನ್ಯತೆ ಕೊಡುವ ಕಾನೂನಿನ ಮಾತಿತ್ತು. ಚೆನ್ನಾಗಿತ್ತು. ಅದೇ ಪಕ್ಷದ ಹುಡುಗ ನಮ್ಮ ಮನೆಗೆ ಕರಪತ್ರ ತಂದಾಗ ಆ ಸಾಲು ಎಲ್ಲಿ ಅಂತ ಕೇಳಿದೆ. "ಅದು ಇಂಗ್ಲಿಷಿನದ್ದರಲ್ಲಿ ಇರಬೇಕು ಅಕ್ಕ" ಅಂದ.

ರಾಜ್ಯ ಸರ್ಕಾರ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ 1 ಮೀಸಲು ತಂದಿತು, ದೇಶದಲ್ಲೇ ಮೊದಲು. ಮಂಗಳಮುಖಿಯರು ಬೀದಿಯಲ್ಲಿ ನಿಂತು ಹೋರಾಡಿದ್ದರ ಫಲ ಅದು. ನಾವು, ಅಂದರೆ ನನ್ನಂಥವರು, ಬಾಗಿಲು ಹಾಕಿಕೊಂಡು ಒಳಗೆ ಕೂತವರು. ಅದಕ್ಕೇ ನಮಗೆ ಏನೂ ಸಿಕ್ಕಿಲ್ಲ ಅಂತ ಅವರಲ್ಲೊಬ್ಬರು ನನ್ನ ಮುಖಕ್ಕೇ ಹೇಳಿದ್ದಾರೆ. ಉತ್ತರ ಕೊಡಲು ನನ್ನ ಹತ್ತಿರ ಮಾತಿರಲಿಲ್ಲ. ಅವರ ಪ್ರಶ್ನೆಯೂ ನಮ್ಮ ಪಟ್ಟಿಯಲ್ಲಿ ಉಂಟು, ಎರಡು ಅಂಕಕ್ಕೆ: ನಿಮ್ಮ ವಾರ್ಡಿನಲ್ಲಿ ಅವರಿಗೆ ಬಾಡಿಗೆ ಮನೆ ಸಿಗುತ್ತದಾ, ಸಾರ್ವಜನಿಕ ಶೌಚಾಲಯದಲ್ಲಿ ಯಾವ ಬಾಗಿಲಿಗೆ ಹೋಗಬೇಕು ಅಂತ ಯಾರಾದರೂ ಯೋಚಿಸಿದ್ದಾರಾ?

ಉಳಿದ ಎರಡು ಅಂಕ ನೀವು ಹೇಗೆ ಮಾತಾಡುತ್ತೀರಿ ಅನ್ನುವುದಕ್ಕೆ. ಇದರ ಬಗ್ಗೆ ನಮ್ಮೊಳಗೆ ಜಗಳವೇ ಆಯಿತು. ನನಗೆ ಈ ವಿಷಯ ಗೊತ್ತಿಲ್ಲ, ಓದಿ ಹೇಳುತ್ತೇನೆ ಅನ್ನುವವರಿಗೆ ಎಷ್ಟು? ಒಬ್ಬಳು ಸೊನ್ನೆ ಅಂದಳು. ನಾನು ಪೂರ್ತಿ ಎರಡೂ ಕೊಡಬೇಕು ಅಂದೆ. ಸಮಾನತೆ, ಸಂವಿಧಾನ ಅಂತ ಮೈಕಿನಲ್ಲಿ ಸರಾಗವಾಗಿ ಮಾತಾಡಿ, ಆಮೇಲೆ ಕಾರಿನಲ್ಲಿ ಕೂತು ಹಲ್ಲು ಕಿರಿಯುವವರನ್ನು ನಾನು ಜಾಸ್ತಿ ನೋಡಿದ್ದೇನೆ. ಕೊನೆಗೆ ಒಂದೂವರೆಗೆ ರಾಜಿಯಾಯಿತು.

ಇನ್ನೂ ಒಂದು ತೊಡಕು ಉಂಟು, ಅದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಯಾರಿಗಾದರೂ ನಾವು ಹತ್ತಕ್ಕೆ ಒಂಬತ್ತು ಕೊಟ್ಟೆವು ಅಂತ ಇಟ್ಟುಕೊಳ್ಳಿ. ಮರುದಿನವೇ ಎದುರಾಳಿಯವರು ಅದನ್ನೇ ವಾಟ್ಸ್ಆ್ಯಪಿನಲ್ಲಿ ತಿರುಗಿಸಿ, ನೋಡಿ ಇವರು ಯಾರ ಕಡೆಯವರು ಅಂತ ಮನೆಮನೆಗೆ ಹಂಚಿದರೆ? ನಮ್ಮ ಒಳ್ಳೆಯ ಅಂಕದಿಂದಲೇ ಒಬ್ಬ ಒಳ್ಳೆಯ ಮನುಷ್ಯ ಸೋಲಬಹುದು. ಅದಕ್ಕೆ ಹೀಗೆ ಮಾಡಿದ್ದೇವೆ: ಅಂಕ ಮೊದಲು ನಿಮಗೇ ಕಳಿಸುತ್ತೇವೆ. ಹೊರಗೆ ಹಾಕಬೇಡಿ ಅಂತ ನೀವು ಕೇಳಿದರೆ ಹಾಕುವುದಿಲ್ಲ, ನಿಮ್ಮ ಹೆಸರಿನ ಮುಂದೆ 'ಉತ್ತರ ಕೊಟ್ಟಿದ್ದಾರೆ' ಅಂತಷ್ಟೇ ಬರುತ್ತದೆ. ಆದರೆ ಹಾಗೆ ಕೇಳಿಕೊಂಡದ್ದಕ್ಕೆ ಅರ್ಧ ಅಂಕ ಕಟ್ ಆಗುತ್ತದೆ. ನಾವೂ ಹೆಸರು ಮುಚ್ಚಿಟ್ಟುಕೊಂಡೇ ಬರೆಯುತ್ತಿರುವವರು, ನಿಮ್ಮ ಹೆದರಿಕೆ ನಮಗೆ ಅರ್ಥವಾಗುತ್ತದೆ. ಉತ್ತರವನ್ನೇ ಕೊಡದವರ ಹೆಸರು ಮಾತ್ರ ಸೊನ್ನೆಯ ಜೊತೆ ಬರುತ್ತದೆ.

ನಮ್ಮ ಅಂಕ ನೋಡಿಯೇ ವೋಟು ಹಾಕಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ನಾನೇ ಹಾಕುತ್ತೇನೋ ಇಲ್ಲವೋ. ಏಪ್ರಿಲ್, ಮೇಯಲ್ಲಿ ತುಂಬೆ ಡ್ಯಾಮಿನ ಮಟ್ಟ ಇಳಿದು ದಿನ ಬಿಟ್ಟು ದಿನ ನೀರು ಬರುವಾಗ, ಮೂರನೇ ಮಹಡಿಗೆ ಕೊಡಪಾನ ಹೊತ್ತು ಹತ್ತುವಾಗ, ನೀರು ತರಿಸಿಕೊಡುವ ಎರಡು ಅಂಕದವರೇ ಸಾಕು ಅನಿಸಿದರೂ ಅನಿಸಬಹುದು. ಇಷ್ಟು ವರ್ಷ ಹಾಗೇ ಹಾಕಿದ್ದೇವೆ. ಎರಡೂ ಕೇಳಬಹುದು ಅಂತ ಈಗ ಹೊಳೆದಿದೆ, ಅಷ್ಟೇ.

ಪ್ರಶ್ನೆಗಳ ಹಾಳೆ ನಾಮಪತ್ರ ವಾಪಸ್ ತೆಗೆಯುವ ದಿನ ಮುಗಿದ ಮೇಲೆ ನಿಮ್ಮ ಚುನಾವಣಾ ಕಚೇರಿಗೆ ಬರುತ್ತದೆ. ಒಂದು ವಾರ ಸಮಯ. ಕನ್ನಡದಲ್ಲೇ ಬರೆಯಬೇಕು ಅಂತ ಇಲ್ಲ. ತುಳು, ಕೊಂಕಣಿ, ಬ್ಯಾರಿ ಯಾವುದಾದರೂ ಆಗುತ್ತದೆ, ನಮ್ಮ ಏಳು ಜನರಲ್ಲಿ ಎಲ್ಲ ಭಾಷೆಯವರೂ ಇದ್ದೇವೆ. ಬರೆಯಲು ಪುರುಸೊತ್ತಿಲ್ಲದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ನಿಮ್ಮ ಪಿಎ ಹತ್ತಿರ ಬರೆಸಿದರೆ ಗೊತ್ತಾಗುತ್ತದೆ, ಪಿಎಗಳೆಲ್ಲ ಒಂದೇ ತರಹ ಬರೆಯುತ್ತಾರೆ.

ಮನೆಗೂ ಬನ್ನಿ. ಭಾನುವಾರ ಆದರೆ ಇಬ್ಬರೂ ಇರುತ್ತೇವೆ. ಗಂಡಸರು ಇಲ್ಲ ಅಂತ ಸಂಜೆಗೆ ಮುಂದೂಡಬೇಡಿ, ಮತ್ತೆ ಮೂರು ಮಹಡಿ ಹತ್ತಬೇಕಾಗುತ್ತದೆ.

ಇತಿ,
ನಿಮ್ಮ ವಾರ್ಡಿನ ಎರಡು ವೋಟು
ಬಿಜೈ, ಮಂಗಳೂರು